ವೇಗ ಏರಿದಾಗ ನಡುಗುವ ಸ್ಟೇರಿಂಗ್

ಮಕ್ತಲ್, ನಾರಾಯಣಪೇಟೆ, ಕೃಷ್ಣೆಯಾಚೆ ಗದ್ವಾಲ, ರಾಯಚೂರು. ಈ ಸುತ್ತಿನಲ್ಲಿ ಹಳೆಯ ಕಾರುಗಳನ್ನು ಆಸೆಪಟ್ಟು ಇಟ್ಟುಕೊಂಡವರು ಇದ್ದಾರೆ. ಕೆಲವರ ಮನೆಯಲ್ಲಿ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ. ಇನ್ನು ಕೆಲವರು ಎಲ್ಲೆಲ್ಲೋ ಹುಡುಕಿ ತಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಬೆಂಗಳೂರಿನಲ್ಲಿ ಹುಟ್ಟಿದ ಸಿಪಾನಿ ಡಾಲ್ಫಿನ್, ಎರಡೇ ಸೀಟಿನ ಸ್ಯಾನ್ ಸ್ಟಾರ್ಮ್ ಅಂಥವಕ್ಕೆ ಮನಸೋತ ಹುಡುಗರೂ ಇದ್ದಾರೆ. ಇವರೆಲ್ಲ ಗ್ಯಾರೇಜಿಗೆ ಬಂದು ಹೇಳುವ ದೂರುಗಳಲ್ಲಿ ಒಂದು ಮಾತ್ರ ತಪ್ಪದೆ ಇರುತ್ತದೆ: "ಊರಾಗ ಚಲೋ ಓಡ್ತದ್ರಿ. ಹೈವೇ ಹತ್ತಿದ ಮ್ಯಾಲ ಸ್ಟೇರಿಂಗ್ ನಡಗ್ತದ."

ಊರಲ್ಲಿ ಸರಿ, ಹೈವೇಯಲ್ಲಿ ಸರಿಯಿಲ್ಲ. ಈ ಮಾತಿನಲ್ಲೇ ರೋಗದ ಅರ್ಧ ವಿವರ ಇದೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ.

ನಮ್ಮ ರಸ್ತೆಗಳನ್ನೇ ನೋಡಿ. ರಾಯಚೂರಿನಿಂದ ಮಕ್ತಲ್ ಕಡೆಗೆ ಬರುವವರು ದೇವಸೂಗೂರಿನ ಹತ್ತಿರ ಕೃಷ್ಣೆಯನ್ನು ದಾಟುತ್ತಾರೆ. ಅಲ್ಲಿನ ಹಳೆಯ ಸೇತುವೆ ನಿಜಾಮರ ಕಾಲದ್ದು, 35 ಕಮಾನುಗಳದ್ದು. 1933ರಲ್ಲಿ ಕೆಲಸ ಶುರುವಾಗಿ 1943ರಲ್ಲಿ ಮುಗಿದದ್ದು. ಅಗಲ ಇಪ್ಪತ್ತೇ ಅಡಿ. ಎದುರಿನಿಂದ ಲಾರಿ ಬಂದರೆ ಕಾರು ಮೈಮುದುಡಿಕೊಂಡು ಹೋಗಬೇಕು. ಸೇತುವೆ ದಾಟಿ ಗುಡೆಬಲ್ಲೂರು, ಮಾಗನೂರು, ಮಕ್ತಲ್ ಎಂದು ಸಾಗುವಾಗ ಎತ್ತಿನ ಗಾಡಿ, ಟ್ರ್ಯಾಕ್ಟರು, ಕುರಿಮಂದೆ ಎಲ್ಲವೂ ದಾರಿಯಲ್ಲಿ ಸಿಗುತ್ತವೆ. ಸ್ಪೀಡೋಮೀಟರಿನ ಮುಳ್ಳು ಐವತ್ತು ಅರವತ್ತರ ಆಚೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟರಲ್ಲಿ ಕಾರಿನ ಎಷ್ಟೋ ಕಾಯಿಲೆಗಳು ತಮ್ಮಷ್ಟಕ್ಕೆ ಮಲಗಿರುತ್ತವೆ. ಅದೇ ಕಾರು ಜಡ್ಚರ್ಲದಲ್ಲೋ ಎರ್ರವಳ್ಳಿಯಲ್ಲೋ ಹೈದರಾಬಾದ್–ಬೆಂಗಳೂರು ಹೆದ್ದಾರಿ ಹತ್ತಿ, ಪೆಬ್ಬೇರು ಬೀಚುಪಲ್ಲಿಯ ಆಸುಪಾಸಿನ ನುಣುಪಾದ ನಾಲ್ಕು ಲೇನಿನಲ್ಲಿ ಎಂಬತ್ತೈದು, ತೊಂಬತ್ತು ಎಂದು ಏರಿತೋ, ಚಕ್ರದ ಸಮಾಚಾರ ಕೈಗೆ ಬರತೊಡಗುತ್ತದೆ.

ಆಗ ಕಾರಿನವರು ಏನು ಮಾಡುತ್ತಾರೆ? ಯಾರೋ ಹೇಳಿದರೆಂದು ಅಲೈನ್‌ಮೆಂಟ್ ಮಾಡಿಸುತ್ತಾರೆ. ನಡುಕ ಹೋಗುವುದಿಲ್ಲ. ಶಾಕ್ ಅಬ್ಸಾರ್ಬರ್ ಹಾಕಿಸುತ್ತಾರೆ. ಹೋಗುವುದಿಲ್ಲ. ಟೈ ರಾಡ್ ಎಂಡ್ ಬದಲಿಸುತ್ತಾರೆ. ಹಳೆಯ ಸ್ಪೋರ್ಟ್ಸ್ ಕಾರಿಗೆ ಬಿಡಿಭಾಗ ಸಿಗುವುದೇ ಕಷ್ಟ. ಹೈದರಾಬಾದಿನಲ್ಲಿ ಸಿಗದೆ ಬೆಂಗಳೂರು, ಮುಂಬೈ ಎಂದು ಅಲೆದು, ತರಿಸಿಕೊಂಡು, ಹಾಕಿಸಿ, ಕೊನೆಗೆ ಕಾರನ್ನೇ ಮಾರಿಬಿಡುವ ಮನಸ್ಸು ಮಾಡುತ್ತಾರೆ. ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾಮಾನು ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ.

ಆ ಪ್ರಶ್ನೆಗಳನ್ನು ನಾನು ಕಲಿತದ್ದು ರಾಯಚೂರಿನ ಒಬ್ಬ ಹಿರಿಯ ಉಸ್ತಾದರಿಂದ. ಅವರು ಬಾನೆಟ್ ಎತ್ತುವುದಿಲ್ಲ, ಪಾನಾ ಮುಟ್ಟುವುದಿಲ್ಲ. ಮೊದಲು ಕೇಳುವುದು ಇಷ್ಟು: "ಎಷ್ಟರ ಮ್ಯಾಲ ನಡಗ್ತದ? ಕೈಯಾಗ ನಡಗ್ತದೋ, ಕುಂತಲ್ಲಿ ನಡಗ್ತದೋ? ಬ್ರೇಕ್ ಒತ್ತಿದಾಗೋ, ಎಕ್ಸಲೇಟರ್ ಕೊಟ್ಟಾಗೋ, ಸುಮ್ಮನ ಹೊಂಟಾಗೋ?" ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಅಂಗೈಯಗಲಕ್ಕೆ ಇಳಿಯುತ್ತದೆ.

ಮೊದಲು ವೇಗದ ವಿಚಾರ. ಸ್ವಲ್ಪ ಲೆಕ್ಕ ಹಾಕೋಣ. 13 ಇಂಚಿನ ರಿಮ್ಮಿನ ಸಣ್ಣ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.8 ಮೀಟರ್ ಉರುಳುತ್ತದೆ. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಅಂದಮೇಲೆ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತಿದೆ. ಆ ರಿಮ್ಮಿನ ಅಂಚಿನಲ್ಲಿ ಒಂದು ಕಡೆ 20 ಗ್ರಾಂ ತೂಕ ಹೆಚ್ಚಾಗಿದೆ ಎಂದಿಟ್ಟುಕೊಳ್ಳಿ. 20 ಗ್ರಾಂ ಎಂದರೆ ಏನೂ ಅಲ್ಲ ಅನಿಸುತ್ತದೆ. ಆದರೆ 90ರ ವೇಗದಲ್ಲಿ ಅದು ಚಕ್ರವನ್ನು ಸುಮಾರು ಎರಡೂವರೆ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಆ ಎಳೆತ ಈಗ ಮೇಲಕ್ಕೆ, ಈಗ ಮುಂದಕ್ಕೆ, ಈಗ ಕೆಳಕ್ಕೆ, ಈಗ ಹಿಂದಕ್ಕೆ, ಹೀಗೆ ಸೆಕೆಂಡಿಗೆ ಹದಿನಾಲ್ಕು ಸಲ ಸುತ್ತು ಹೊಡೆಯುತ್ತದೆ. ವೇಗ ಅರ್ಧವಾದರೆ ಎಳೆತ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. 45ರಲ್ಲಿ ಅದು ಆರುನೂರು ಗ್ರಾಂ ಚಿಲ್ಲರೆ. ಊರೊಳಗೆ ಯಾಕೆ ಗೊತ್ತಾಗಲಿಲ್ಲ ಎಂಬುದಕ್ಕೆ ಇದೇ ಉತ್ತರ.

ಆದರೆ ಅನೇಕರು ಇನ್ನೊಂದು ವಿಚಿತ್ರ ಹೇಳುತ್ತಾರೆ. ಎಂಬತ್ತೈದಕ್ಕೆ ಶುರುವಾಗುತ್ತದೆ, ತೊಂಬತ್ತೈದಕ್ಕೆ ಜೋರಾಗುತ್ತದೆ, ನೂರಾಹತ್ತು ದಾಟಿದರೆ ತಾನಾಗಿ ನಿಲ್ಲುತ್ತದೆ. ಎಳೆತ ವೇಗದ ಜೊತೆ ಹೆಚ್ಚುತ್ತಲೇ ಹೋಗುವಾಗ ನಡುಕ ನಿಲ್ಲುವುದು ಹೇಗೆ? ನಾಗರಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ನೋಡಿರುತ್ತೀರಿ. ಜೋಕಾಲಿಗೆ ತನ್ನದೇ ಆದ ಒಂದು ಲಯ ಇರುತ್ತದೆ. ಆ ಲಯಕ್ಕೆ ಸರಿಯಾಗಿ ಸಣ್ಣ ಹುಡುಗಿ ತಳ್ಳಿದರೂ ಅದು ಕೊಂಬೆ ಮುಟ್ಟುತ್ತದೆ. ಲಯ ಬಿಟ್ಟು ಗಡಿಬಿಡಿಯಲ್ಲಿ ತಳ್ಳಿದರೆ ಎಷ್ಟೇ ಬಲ ಹಾಕಿದರೂ ಏರುವುದಿಲ್ಲ. ಕಾರಿನ ಮುಂಚಕ್ರ, ಅದನ್ನು ಹಿಡಿದ ತೋಳುಗಳು, ಬುಷ್ಷುಗಳು, ಸ್ಟೇರಿಂಗ್ ರಾಡುಗಳು ಎಲ್ಲ ಸೇರಿದ ಕೂಟಕ್ಕೂ ಇಂಥದೊಂದು ಲಯ ಇದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ 10ರಿಂದ 15 ಸಲ. ಚಕ್ರದ ಸುತ್ತು ಆ ಲಯಕ್ಕೆ ಕೂಡಿದ ವೇಗದಲ್ಲಿ ನಡುಕ ಏಳುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಆದ್ದರಿಂದ ಒಂದು ವೇಗದಲ್ಲಿ ಬಂದು ಇನ್ನೊಂದು ವೇಗದಲ್ಲಿ ಹೋಗುವ ನಡುಕ ಎಂದರೆ ಮೊದಲ ಗುಮಾನಿ ಚಕ್ರದ ತೂಕದ ಮೇಲೆ, ಅಂದರೆ ಬ್ಯಾಲೆನ್ಸಿಂಗ್ ಮೇಲೆ. ಮೂವತ್ತು ನಲವತ್ತರಲ್ಲೇ ಕಾರು ಕುಂಟುತ್ತಾ ತೊನೆದಾಡುತ್ತಿದ್ದರೆ ಅದು ತೂಕದ ಮಾತಲ್ಲ. ರಿಮ್ ಬೆಂಡಾಗಿದೆ, ಇಲ್ಲವೇ ಟೈರಿನ ಆಕಾರವೇ ಕೆಟ್ಟಿದೆ.

ಬ್ಯಾಲೆನ್ಸ್ ಕೆಡಲು ನಮ್ಮ ಸೀಮೆಯಲ್ಲಿ ಒಂದು ವಿಶೇಷ ಕಾರಣ ಇದೆ. ಬೇರೆ ಊರಿನ ಮೆಕಾನಿಕ್ಕುಗಳಿಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ. ನಮ್ಮದು ಕೃಷ್ಣೆ ಭೀಮೆಯರ ಎರೆಭೂಮಿ. ಮಳೆ ಬಿದ್ದರೆ ಎರೆಮಣ್ಣು ಚಪ್ಪಲಿಗೆ ಅಂಟಿಕೊಂಡು ಕಾಲು ಎತ್ತಲು ಬಿಡುವುದಿಲ್ಲ. ಜುರಾಲಾ ಕಾಲುವೆಯ ಗದ್ದೆಗಳಿಂದ ರಸ್ತೆಗೆ ಹತ್ತುವ ಟ್ರ್ಯಾಕ್ಟರುಗಳು ಕೆಸರಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸಿಕೊಂಡು ಹೋಗುತ್ತವೆ. ನಮ್ಮ ಕಾರಿನ ಚಕ್ರ ಅದರ ಮೇಲೆ ಹಾಯ್ದಾಗ ಕೆಸರು ಎರಚಿ ರಿಮ್ಮಿನ ಒಳಮುಖಕ್ಕೆ, ಹೊರಗಿನಿಂದ ಕಾಣದ ಕಡೆಗೆ, ಮೆತ್ತಿಕೊಳ್ಳುತ್ತದೆ. ರಾತ್ರಿ ಕಾರು ನಿಂತಾಗ ಹಸಿಮಣ್ಣು ನಿಧಾನಕ್ಕೆ ಇಳಿದು ಚಕ್ರದ ಕೆಳಭಾಗದಲ್ಲಿ ಒಂದೇ ಕಡೆ ಕೂಡುತ್ತದೆ. ಬೆಳಗಿನ ಬಿಸಿಲಿಗೆ ಗಟ್ಟಿಯಾಗುತ್ತದೆ. ಒಣಗಿದ ಎರೆಮಣ್ಣು ಎಷ್ಟು ಗಟ್ಟಿ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೀಗೆ ಕೂತ ಮಣ್ಣು ಬರೀ 100 ಗ್ರಾಂ ಇದ್ದರೂ, 90ರ ವೇಗದಲ್ಲಿ ಅದರ ಎಳೆತ ಹನ್ನೆರಡು ಕಿಲೋ ಭಾರದಷ್ಟಾಗುತ್ತದೆ. ನಿನ್ನೆ ಸರಿಯಿದ್ದ ಕಾರು ಇವತ್ತು ನಡುಗಿದರೆ, ನಡುವೆ ಒಂದು ಮಳೆ ಬಂದುಹೋಗಿದ್ದರೆ, ಗ್ಯಾರೇಜಿಗೆ ಹೋಗುವ ಮೊದಲು ಕಾರಿನಡಿ ಬಗ್ಗಿ ಟಾರ್ಚು ಬಿಟ್ಟು ನಾಲ್ಕೂ ರಿಮ್ಮುಗಳ ಒಳಮುಖ ನೋಡಿ. ನೀರು ಹೊಡೆದು ನೆನೆಸಿ, ಕಟ್ಟಿಗೆಯ ಚಕ್ಕೆಯಿಂದ ತೆಗೆಯಿರಿ. ಕಬ್ಬಿಣದಿಂದ ಕೆರೆದರೆ ಅಲ್ಲಿ ಅಂಟಿಸಿದ ತೂಕದ ಬಿಲ್ಲೆಯೂ ಕಿತ್ತು ಬಂದು ಹೊಸ ತಾಪತ್ರಯ ಆಗುತ್ತದೆ.

ಇದೇ ಜಾತಿಯ ಇನ್ನೊಂದು ಕಾರಣ ಟೈರಿನೊಳಗೆ ಹಾಕಿಸುವ ಪಂಚರ್ ನಿರೋಧಕ ದ್ರವ. ಜಾಲಿಮುಳ್ಳಿನ ನಾಡಿನಲ್ಲಿ ಅದಕ್ಕೆ ಗಿರಾಕಿ ಸಹಜ. ಆದರೆ ನಿಂತ ಕಾರಿನಲ್ಲಿ ಆ ದ್ರವ ತಳಕ್ಕೆ ಇಳಿದು, ಹಳೆಯದಾದ ಮೇಲೆ ಅಲ್ಲೇ ಹೆಪ್ಪುಗಟ್ಟಿದರೆ, ಟೈರು ಬಿಚ್ಚಿ ಒರೆಸುವ ತನಕ ಯಾವ ಮೆಷಿನ್ನಿನ ಬ್ಯಾಲೆನ್ಸೂ ನಿಲ್ಲುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ, ನಡುಕ ಎಲ್ಲಿ ಎಂಬುದು. ಸ್ಟೇರಿಂಗ್ ಬಳೆ ಎಡಬಲಕ್ಕೆ ಅಲ್ಲಾಡುತ್ತಿದ್ದರೆ ಮುಂಚಕ್ರಗಳನ್ನು ನೋಡಬೇಕು. ಸ್ಟೇರಿಂಗ್ ಸುಮ್ಮನಿದ್ದು ಸೀಟು, ನೆಲ, ಕನ್ನಡಿ ಅದುರುತ್ತಿದ್ದರೆ ಹಿಂಚಕ್ರಗಳನ್ನು ನೋಡಬೇಕು. ಸಂಶಯವಿದ್ದರೆ ಖರ್ಚಿಲ್ಲದ ಪರೀಕ್ಷೆ ಒಂದಿದೆ: ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಹೋಗಿ ಬನ್ನಿ. ನಡುಕ ಕೈಯಿಂದ ಸೀಟಿಗೆ ಬಂದರೆ ರೋಗ ಚಕ್ರದಲ್ಲಿದೆ. ಎಲ್ಲಿತ್ತೋ ಅಲ್ಲೇ ಉಳಿದರೆ ರೋಗ ಕಾರಿನಲ್ಲಿದೆ. ಎಲ್ಲ ಕಾರುಗಳಲ್ಲೂ ಮುಂದೆ ಹಿಂದೆ ಒಂದೇ ಅಳತೆಯ ಟೈರು ಇರುವುದಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ.

ನಡುಕದ ಗತಿಯನ್ನೂ ಗಮನಿಸಬೇಕು. ಚಕ್ರದ ನಡುಕ ಸೆಕೆಂಡಿಗೆ ಹತ್ತು ಹದಿನೈದು ಸಲದ್ದು, ಕೈಗೆ ಒಂದೊಂದಾಗಿ ತಿಳಿಯುವಂಥದ್ದು. ಡಾಲ್ಫಿನ್, ಹೆರಾಲ್ಡ್, ಪದ್ಮಿನಿಗಳಂತೆ ಎಂಜಿನ್ ಮುಂದೆ ಇದ್ದು ಹಿಂಚಕ್ರ ಓಡಿಸುವ ಕಾರುಗಳಲ್ಲಿ ನಡುವೆ ಪ್ರೊಪೆಲ್ಲರ್ ಶಾಫ್ಟ್ ಇರುತ್ತದೆ. ಅದು ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ ತಿರುಗುತ್ತದೆ. ಹಾಗಾಗಿ ಅದರ ದೋಷ ನಡುಕಕ್ಕಿಂತ ಹೆಚ್ಚಾಗಿ ಗುಂಯ್‌ಗುಟ್ಟುವ ಕಂಪನವಾಗಿ ನೆಲದಿಂದ ಏರುತ್ತದೆ. ಯೂನಿವರ್ಸಲ್ ಜಾಯಿಂಟ್ ಸವೆದರೆ, ಇಲ್ಲವೇ ಬಿಚ್ಚಿ ಹಾಕುವಾಗ ಗುರುತು ತಪ್ಪಿಸಿ ಜೋಡಿಸಿದರೆ ಹೀಗಾಗುತ್ತದೆ. ಎಂಜಿನ್ನಿನ ಕಂಪನವೋ ಎಂಬ ಅನುಮಾನಕ್ಕೆ ಪರಿಹಾರ ಸುಲಭ: ಕಾರು ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಅಷ್ಟೇ ಜೋರಿಗೆ ಓಡಿಸಿ ನೋಡಿ. ನಿಂತಲ್ಲೂ ಅದುರಿದರೆ ಚಕ್ರದ ತಪ್ಪಲ್ಲ.

ಮೂರನೆಯ ಪ್ರಶ್ನೆ ಕಾಲಿನದ್ದು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಹೊಡೆದುಕೊಂಡರೆ ಮುಂದಿನ ಡಿಸ್ಕುಗಳನ್ನು ಪರೀಕ್ಷಿಸಿ. ಡಿಸ್ಕು ಸುತ್ತಲೂ ಒಂದೇ ದಪ್ಪ ಉಳಿದಿರುವುದಿಲ್ಲ. ಚಕ್ರದ ನಟ್ಟುಗಳನ್ನು ಪಾನಾಕ್ಕೆ ಪೈಪು ಸಿಕ್ಕಿಸಿ, ಒಂದನ್ನು ಅತಿಯಾಗಿ ಇನ್ನೊಂದನ್ನು ಸಡಿಲವಾಗಿ ಬಿಗಿದರೂ ಕಾಲಕ್ರಮದಲ್ಲಿ ಹೀಗಾಗುತ್ತದೆ. ಡ್ರಮ್ ಬ್ರೇಕಿನ ಹಳೆಯ ಕಾರುಗಳಲ್ಲಿ ಡ್ರಮ್ಮು ಕೋಳಿಮೊಟ್ಟೆಯಾಕಾರಕ್ಕೆ ತಿರುಗಿದ್ದರೂ ಇದೇ ಲಕ್ಷಣ. ಎಕ್ಸಲೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದರೆ ನಿಲ್ಲುವುದಾದರೆ, ಸ್ಟಾರ್ಮಿನಂಥ ಮುಂಚಕ್ರ ಓಡಿಸುವ ಕಾರಿನಲ್ಲಿ ಗೇರ್‌ಬಾಕ್ಸ್ ಕಡೆಯ ಆಕ್ಸಲ್ ಜಾಯಿಂಟು ಸವೆದಿರುವ ಸಂಭವ ಹೆಚ್ಚು. ಎರಡೂ ಅಲ್ಲದೆ ಸುಮ್ಮನೆ ಸಮವೇಗದಲ್ಲಿ ಹೋಗುವಾಗ ನಡುಗುವುದಾದರೆ ಮತ್ತೆ ಚಕ್ರ, ಟೈರುಗಳ ಕಡೆಗೇ ಬರಬೇಕು.

ಟೈರಿನ ಬಗ್ಗೆ ಹಳೆಯ ಕಾರಿನವರಿಗೆ ಒಂದು ಮಾತು ಒತ್ತಿ ಹೇಳಬೇಕು. ಆಸೆಯ ಕಾರು ದಿನಾ ಓಡುವುದಿಲ್ಲ. ವರ್ಷಕ್ಕೆ ಸಾವಿರ ಕಿಲೋಮೀಟರೂ ಆಗಿರುವುದಿಲ್ಲ. ಟೈರಿನ ಹಲ್ಲು ಹೊಸದರಂತೆ ಕಾಣುತ್ತದೆ. ಹಲ್ಲು ನೋಡಿ ನಂಬಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2314 ಎಂದಿದ್ದರೆ 2014ರ 23ನೆಯ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ರಾಯಚೂರು ಗದ್ವಾಲದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಡಿ ನಿಂತ ರಬ್ಬರು ಒಳಗಿಂದೊಳಗೆ ಬಿರುಸಾಗುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಟೈರಿನ ತಳ ಚಪ್ಪಟೆಯಾಗುತ್ತದೆ. ಹೊಸತಾದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಸರಿಹೋಗುತ್ತದೆ, ಹಳೆಯದಾದರೆ ಆ ಚಪ್ಪಟೆ ಹಾಗೇ ನಿಂತುಬಿಡುತ್ತದೆ. ಇನ್ನೂ ಅಪಾಯದ್ದು ಟೈರಿನೊಳಗಿನ ಉಕ್ಕಿನ ತಂತಿಯ ಪಟ್ಟಿ ರಬ್ಬರಿನಿಂದ ಬಿಟ್ಟುಕೊಳ್ಳುವುದು. ಆಗ ಟೈರಿನ ಮೈಮೇಲೆ ಒಂದು ಕಡೆ ಉಬ್ಬು ಏಳುತ್ತದೆ. ಇಂಥ ಟೈರನ್ನೂ ಮೆಷಿನ್ನಿನ ಮೇಲೆ ತೂಕ ಅಂಟಿಸಿ ಸೊನ್ನೆ ತೋರಿಸಬಹುದು. ತೂಕ ಸರಿ ಇರುತ್ತದೆ, ಆಕಾರ ಸರಿ ಇರುವುದಿಲ್ಲ. ಅದಕ್ಕೇ ಮೆಷಿನ್ನಿನ ಅಂಕಿಗಳನ್ನಷ್ಟೇ ನೋಡದೆ, ಚಕ್ರ ತಿರುಗುವಾಗ ಟೈರಿನ ಮೇಲ್ಮೈಯನ್ನು ಕಣ್ಣಿಟ್ಟು ನೋಡಬೇಕು. ಅದು ನಿಂತಲ್ಲಿ ನಿಂತಂತೆ ಕಾಣಬೇಕು. ಏರಿಳಿದು ಕುಣಿಯುತ್ತಿದ್ದರೆ ಆ ಟೈರಿನ ಕಾಲ ಮುಗಿಯಿತು.

ಅಲಾಯ್ ಚಕ್ರ ಹಾಕಿಸಿದವರು ಇನ್ನೊಂದು ವಿಷಯ ಗಮನಿಸಿ. ಚಕ್ರದ ನಡುವಿನ ತೂತು ಹಬ್ಬಿನ ಮೂತಿಗೆ ಸರಿಯಾಗಿ ಕೂರಬೇಕು. ಬೇರೆ ಕಾರಿನ ಚಕ್ರ ತಂದು, ಬೋಲ್ಟಿನ ಅಂತರ ಕೂಡಿತೆಂದು ಹಾಕಿದರೆ ನಡುವಿನ ತೂತು ದೊಡ್ಡದಾಗಿದ್ದು ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ಮೆಷಿನ್ನಿನ ಮೇಲೆ ಸೊನ್ನೆ, ರಸ್ತೆಯ ಮೇಲೆ ನಡುಕ. ನಡುವೆ ಕೂರುವ ಸರಿಯಾದ ಬಳೆ ಹಾಕಿದರೆ ಗುಣವಾಗುತ್ತದೆ. ಕಡ್ಡಿಚಕ್ರದ ವಿದೇಶಿ ಸ್ಪೋರ್ಟ್ಸ್ ಕಾರುಗಳಲ್ಲಿ ಕಡ್ಡಿಗಳ ಬಿಗಿಯೇ ಚಕ್ರದ ದುಂಡನ್ನು ಕಾಯುವುದರಿಂದ, ಸಡಿಲಾದ ಕಡ್ಡಿಗಳನ್ನು ಮೊದಲು ಎಳೆದು ನೇರ ಮಾಡದೆ ಬ್ಯಾಲೆನ್ಸ್ ಮಾಡಿಸುವುದು ವ್ಯರ್ಥ. ಮೆಷಿನ್ನನ್ನೇ ಪರೀಕ್ಷಿಸುವ ಉಪಾಯವೂ ಇದೆ. ಬ್ಯಾಲೆನ್ಸ್ ಆದ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಿ ಎಂದು ಕೇಳಿ. ಎರಡನೆಯ ಸಲವೂ ಸೊನ್ನೆಯ ಹತ್ತಿರ ಬಂದರೆ ನಂಬಬಹುದು. ಬೇರೆ ಅಂಕಿ ಬಂದರೆ ಚಕ್ರ ಮೆಷಿನ್ನಿನ ಮೇಲೆ ನಡುವಿಗೆ ಕೂತಿರಲಿಲ್ಲ. ಹೀಗೆ ಕೇಳಲು ಸಂಕೋಚ ಬೇಡ, ಒಳ್ಳೆಯ ಕೆಲಸಗಾರರು ಬೇಸರಿಸಿಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಡುಕವನ್ನು ಹುಟ್ಟಿಸುವ ಕಾರಣಗಳು. ಹಳೆಯ ಕಾರಿನಲ್ಲಿ ಇದಕ್ಕೆ ಇನ್ನೊಂದು ಪಕ್ಕ ಇದೆ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಒಂದು ಕಾರಣ ನಡುಕವನ್ನು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ತಡೆಯದೆ ಬಿಡುತ್ತದೆ. ಹೊಸ ಕಾರಿನಲ್ಲೂ ಚಕ್ರಕ್ಕೆ ಐದು ಹತ್ತು ಗ್ರಾಂ ಅಸಮತೋಲ ಇದ್ದೇ ಇರುತ್ತದೆ. ಬುಷ್ಷು, ಬಾಲ್ ಜಾಯಿಂಟು, ಬೇರಿಂಗು, ಶಾಕ್ ಅಬ್ಸಾರ್ಬರು ಬಿಗಿಯಾಗಿರುವುದರಿಂದ ಅದು ಕೈಯವರೆಗೆ ಬರುವುದಿಲ್ಲ. ಇಪ್ಪತ್ತೈದು, ನಲವತ್ತು ವರ್ಷದ ಕಾರಿನಲ್ಲಿ ಪ್ರತಿಯೊಂದು ಕೀಲೂ ಸ್ವಲ್ಪ ಸ್ವಲ್ಪ ಸವೆದಿರುತ್ತದೆ. ಒಂದೊಂದೇ ನೋಡಿದರೆ ಯಾವುದೂ ಬದಲಿಸುವಷ್ಟು ಕೆಟ್ಟಿರುವುದಿಲ್ಲ, ಎಲ್ಲ ಕೂಡಿದಾಗ ಆಟ ಜಾಸ್ತಿಯಾಗಿರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಇದು ಇನ್ನೂ ಸ್ಪಷ್ಟ. ಕಾರು ಹಗುರ. ಪವರ್ ಸ್ಟೇರಿಂಗ್ ಇಲ್ಲ, ಆದ್ದರಿಂದ ನಡುವೆ ಅದುರನ್ನು ನುಂಗುವ ಎಣ್ಣೆಯ ಪದರವೂ ಇಲ್ಲ. ಚಕ್ರ ಹೇಳಿದ್ದನ್ನೆಲ್ಲ ಸ್ಟೇರಿಂಗು ಹಾಗೇ ಕೈಗೆ ಒಪ್ಪಿಸುತ್ತದೆ. ಆ ಕಾರನ್ನು ನಾವು ಮೆಚ್ಚುವುದೂ ಅದಕ್ಕೇ.

ಕೀಲುಗಳ ಆಟವನ್ನು ಕಂಡುಹಿಡಿಯಲು ಜಾಕು, ಗಟ್ಟಿಯಾದ ಸ್ಟ್ಯಾಂಡು, ಜೊತೆಗೆ ಒಬ್ಬ ಮನುಷ್ಯ ಸಾಕು. ಜಾಕಿನ ಮೇಲೆ ಮಾತ್ರ ನಿಂತ ಕಾರಿನಡಿ ಕೈ ಹಾಕಲೇಬೇಡಿ. ಚಕ್ರವನ್ನು ಮೇಲೆ ಕೆಳಗೆ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಸಿಕ್ಕರೆ ಬೇರಿಂಗೋ ಬಾಲ್ ಜಾಯಿಂಟೋ ಇರಬೇಕು. ಜೊತೆಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಆಟ ಮಾಯವಾದರೆ ಬೇರಿಂಗು, ಹಾಗೇ ಉಳಿದರೆ ಜಾಯಿಂಟು ಇಲ್ಲವೇ ಕಿಂಗ್‌ಪಿನ್ನು. ಆಮೇಲೆ ಎಡಬಲಕ್ಕೆ, ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲುಗಿಸಿ. ಈಗ ಆಟ ಸಿಕ್ಕರೆ ಟೈ ರಾಡ್ ಎಂಡು ಅಥವಾ ಸ್ಟೇರಿಂಗ್ ರ‍್ಯಾಕು. ಕೆಳಗಿನ ತೋಳಿನ ರಬ್ಬರ್ ಬುಷ್ಷು ಹರಿದಿದೆಯೋ ಎಂದು ನೋಡಲು ಸಣ್ಣ ಸಬ್ಬಲಿನಿಂದ ಮೆಲ್ಲಗೆ ಮೀಟಬೇಕು.

ಕಾರು ಕಾರಿಗೂ ಮರ್ಮ ಬೇರೆ. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡನ್ನೇ ತೆಗೆದುಕೊಳ್ಳಿ. ಅದರ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರಿಗೂ ಅದೇ ಅಡಿಪಾಯ. ಅದರ ಮುಂಚಕ್ರದ ಕೆಳಗೀಲು ಟ್ರನಿಯನ್ ಎಂಬ, ತಿರುಪಿನ ಮರೆಯುಳ್ಳ ಹಿತ್ತಾಳೆಬಣ್ಣದ ತುಂಡು. ಅದಕ್ಕೆ ಗ್ರೀಸು ತುಂಬುವುದು ನಮ್ಮಲ್ಲಿ ರೂಢಿ. ತಯಾರಕರು ಹೇಳಿದ್ದು ಗೇರ್ ಎಣ್ಣೆ. ಗ್ರೀಸು ಕಾಲಾಂತರದಲ್ಲಿ ಗಟ್ಟಿಯಾಗಿ ಮರೆಯೊಳಕ್ಕೆ ಇಳಿಯುವುದಿಲ್ಲ, ನೀರು ಸೇರಿ ಒಳಗೆ ತುಕ್ಕು ಹಿಡಿಯುತ್ತದೆ, ಸವೆಯುತ್ತದೆ. ಸವೆದ ಟ್ರನಿಯನ್ ನಡುಕಕ್ಕಷ್ಟೇ ನಿಲ್ಲುವುದಿಲ್ಲ, ಮುರಿದರೆ ಚಕ್ರವೇ ಮಡಚಿ ಬೀಳುತ್ತದೆ. ಹೆರಾಲ್ಡ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ. 1980ರ ದಶಕದ ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಭಾರತೀಯ ರೂಪ. 848 ಸಿಸಿ ಎಂಜಿನ್, ಫೈಬರ್‌ಗ್ಲಾಸ್ ಮೈ. ಹಗುರವೆಂದೇ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ರ‍್ಯಾಲಿ ಓಡಿದ ಕಾರು ಕೊಂಡವರು ರಿಮ್ಮುಗಳ ಒಳ ಅಂಚನ್ನು ಬೆರಳಾಡಿಸಿ ನೋಡುವುದು ಒಳ್ಳೆಯದು. ಹೊರಗೆ ಕಾಣದ ಏಟುಗಳು ಅಲ್ಲಿರುತ್ತವೆ.

ಜೀಪಿನ ಮಾತೂ ಬರಬೇಕು. ನಮ್ಮ ಹಳ್ಳಿಗಳಲ್ಲಿ ಹಳೆಯ ಮಹೀಂದ್ರ ಜೀಪು ಗುಂಡಿಗೆ ಬಿದ್ದೆದ್ದ ಕೂಡಲೇ ಸ್ಟೇರಿಂಗು ಕೈಯಿಂದ ಕಿತ್ತುಕೊಳ್ಳುವಂತೆ ಹೊಡೆದಾಡುವುದನ್ನು ಬಹಳ ಮಂದಿ ಕಂಡಿದ್ದಾರೆ. ಅದು ಒಂದೇ ಅಡ್ಡ ಆಕ್ಸಲಿಗೆ ಎರಡೂ ಮುಂಚಕ್ರ ಕಟ್ಟಿದ ವಾಹನಗಳ ರೋಗ. ಒಂದು ಚಕ್ರ ಮೇಲೆದ್ದರೆ ಆಕ್ಸಲೇ ವಾಲುತ್ತದೆ. ಜೋರಾಗಿ ತಿರುಗುವ ಚಕ್ರವನ್ನು ವಾಲಿಸಿದರೆ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ. ತಿರುಗಿದ ಚಕ್ರ ಮತ್ತೆ ಆಕ್ಸಲನ್ನು ವಾಲಿಸುತ್ತದೆ. 1920ರ ದಶಕದಲ್ಲಿ ದಪ್ಪನೆಯ ಬಲೂನ್ ಟೈರುಗಳೂ ಮುಂಚಕ್ರದ ಬ್ರೇಕುಗಳೂ ಬಂದಾಗ ಅಮೆರಿಕ, ಯುರೋಪಿನ ತಯಾರಕರಿಗೆಲ್ಲ ಇದು ದೊಡ್ಡ ತಲೆನೋವಾಗಿತ್ತು. ಜನರಲ್ ಮೋಟಾರ್ಸ್ ತನ್ನ 1934ರ ಮಾದರಿಗಳಲ್ಲಿ ಮುಂಚಕ್ರಗಳಿಗೆ ಬೇರೆ ಬೇರೆ ತೋಳು ಕೊಟ್ಟಿತು. ಅಲ್ಲಿ ಎಂಜಿನಿಯರ್ ಆಗಿದ್ದ ಮಾರಿಸ್ ಆಲಿ ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. ಇವತ್ತು ನಮ್ಮ ಕಾರುಗಳಿಗೆ ಆ ಭೀಕರ ಕುಣಿತ ಇಲ್ಲದಿರುವುದು ಇಂಥವರ ಕೆಲಸದಿಂದ. ಆದರೆ ತೋಳುಗಳ ಕೀಲು ಸವೆಯಲು ಬಿಟ್ಟರೆ ಅವರು ಕೊಟ್ಟದ್ದನ್ನು ನಾವೇ ಕಳೆದುಕೊಂಡಂತೆ.

ಅಲೈನ್‌ಮೆಂಟಿನ ಮಾತು ಬಾಕಿ ಉಳಿಯಿತು. ಚಕ್ರಗಳ ಕೋನ ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ, ಟೈರು ಒಂದು ಅಂಚಿನಲ್ಲಿ ಬೇಗ ಸವೆಯುತ್ತದೆ. ವೇಗ ಹೆಚ್ಚಾದಾಗ ಏಳುವ ನಡುಕ ಅದರಿಂದ ನೇರವಾಗಿ ಬರುವುದು ಅಪರೂಪ. ಎಳೆತ ಬೇರೆ, ನಡುಕ ಬೇರೆ. ಎರಡೂ ಕೆಲಸ ಒಂದೇ ಅಂಗಡಿಯಲ್ಲಿ ನಡೆಯುವುದರಿಂದ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ನನ್ನ ಗೆಳೆಯರೊಬ್ಬರ ಸ್ಟಾರ್ಮಿನ ಸಂಗತಿ ಹೇಳುತ್ತೇನೆ. ಹೆಸರು ಕೇಳದವರಿಗೆ ಗೊತ್ತಿರಲಿ ಎಂದು: 1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಹೊರತಂದ ಪುಟ್ಟ ಕಾರು ಅದು. ಆಕಾರ ಫ್ರಾನ್ಸಿನಲ್ಲಿ ರೂಪುಗೊಂಡದ್ದು, ಎಂಜಿನ್ ರೆನೋ ಕಂಪನಿಯ 1149 ಸಿಸಿಯದ್ದು, ಮೈ ಫೈಬರ್‌ಗ್ಲಾಸಿನದು, ತಯಾರಾದದ್ದು ಗೋವಾದಲ್ಲಿ. ಗೆಳೆಯರ ಕಾರು 85ರಿಂದ 100ರ ನಡುವೆ ನಡುಗುತ್ತಿತ್ತು. ಅಲೈನ್‌ಮೆಂಟ್ ಆಗಿತ್ತು, ಶಾಕ್ ಅಬ್ಸಾರ್ಬರ್ ಬದಲಾಗಿತ್ತು, ಬ್ಯಾಲೆನ್ಸಿಂಗ್ ಚೀಟಿಯಲ್ಲಿ ನಾಲ್ಕೂ ಚಕ್ರಕ್ಕೆ ಸೊನ್ನೆ ಇತ್ತು. ಉಸ್ತಾದರು ಪ್ರಶ್ನೆ ಕೇಳಿ, ಚಕ್ರಗಳನ್ನು ಹಿಂದೆ ಮುಂದೆ ಮಾಡಿಸಿದರು. ಸ್ಟೇರಿಂಗು ಬಹುಮಟ್ಟಿಗೆ ಶಾಂತವಾಗಿ ಸೀಟು ಅದುರತೊಡಗಿತು. ಅಂದರೆ ತಪ್ಪು ಮೊದಲು ಮುಂದಿದ್ದ ಚಕ್ರಗಳದ್ದು. ಮೆಷಿನ್ನಿಗೆ ಏರಿಸಿ ತಿರುಗಿಸಿದಾಗ ತೂಕ ಸರಿಯಿದ್ದ ಒಂದು ಟೈರು ಕಣ್ಣಿಗೆ ಕಾಣುವಂತೆ ಕುಣಿಯಿತು. ದಿನಾಂಕ ನೋಡಿದರೆ ಹತ್ತು ವರ್ಷ ದಾಟಿತ್ತು. ಟೈರು ಬದಲಾದವು. ನಡುಕ ಮುಕ್ಕಾಲು ಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಗೆಳೆಯರು ಅಷ್ಟಕ್ಕೇ ತೃಪ್ತರಾಗಿದ್ದರು. ಉಸ್ತಾದರು ಬಿಡಲಿಲ್ಲ: "ಹುಟ್ಟಿಸೋದು ಸಿಕ್ತು. ಬಿಟ್ಟುಕೊಡೋದು ಎಲ್ಲದ, ಅದು ಸಿಗಬೇಕು." ಬಲಗಡೆಯ ಕೆಳತೋಳಿನ ಹಿಂದಿನ ಬುಷ್ಷು ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಅಳತೆಗೆ ಸರಿಯಾದ ಬುಷ್ಷು ಹುಡುಕಿ ಹಾಕಿದ ಮೇಲೆ ಬೀಚುಪಲ್ಲಿಯವರೆಗೆ ಹೋಗಿ ಬಂದರು. ಸ್ಟೇರಿಂಗು ನೆಟ್ಟಗೆ ನಿಂತಿತ್ತು. ಟೈರು ಮಾತ್ರ ಬದಲಿಸಿ ಬಿಟ್ಟಿದ್ದರೆ, ಹೊಸ ಟೈರಿಗೆ ಒಂದಿಷ್ಟು ಮಣ್ಣು ಮೆತ್ತಿದ ಕೂಡಲೇ ಹಳೆಯ ದೂರು ತಿರುಗಿ ಬರುತ್ತಿತ್ತು.

ಆದ್ದರಿಂದ ನನ್ನ ಸಲಹೆಯ ಕ್ರಮ ಹೀಗಿದೆ. ಮೊದಲು ಚಕ್ರ ತೊಳೆದು ನೋಡಿ, ನಟ್ಟುಗಳ ಬಿಗಿ ನೋಡಿ, ಗಾಳಿ ನೋಡಿ. ಇದಕ್ಕೆ ದುಡ್ಡು ಬೇಡ. ಆಮೇಲೆ ಚಕ್ರಗಳನ್ನು ಅದಲುಬದಲು ಮಾಡಿ. ಆಮೇಲೆ ನಿಮ್ಮ ಕಣ್ಣೆದುರಿಗೇ ಬ್ಯಾಲೆನ್ಸಿಂಗ್. ಕೀಲುಗಳ ಪರೀಕ್ಷೆಯನ್ನು ಬ್ಯಾಲೆನ್ಸಿಂಗ್ ಫಲಿಸಿದರೂ ಬಿಡಬೇಡಿ. ಸಾಮಾನು ಕೊಳ್ಳುವುದು ಇಷ್ಟೆಲ್ಲ ಆದ ಮೇಲೆ.

ಒಂದೆರಡು ಲಕ್ಷಣಗಳಿಗೆ ಮಾತ್ರ ಈ ಕ್ರಮ ಇಲ್ಲ, ಕಾಯುವುದೂ ಇಲ್ಲ. ನಡುಕ ಇದ್ದಕ್ಕಿದ್ದಂತೆ ಶುರುವಾಗಿ ನಿಮಿಷ ನಿಮಿಷಕ್ಕೆ ಹೆಚ್ಚುತ್ತಿದ್ದರೆ ಚಕ್ರದ ನಟ್ಟು ಸಡಿಲಾಗುತ್ತಿರಬಹುದು, ಇಲ್ಲವೇ ಟೈರು ಬಿಚ್ಚಿಕೊಳ್ಳುತ್ತಿರಬಹುದು. ಬ್ರೇಕನ್ನು ಜೋರಾಗಿ ಒತ್ತದೆ, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು ಎಡಕ್ಕೆ ನಿಲ್ಲಿಸಿ. ಟೈರಿನ ಪಕ್ಕದಲ್ಲಿ ಗುಳ್ಳೆ ಕಂಡರೆ ಆ ಟೈರಿನ ಮೇಲೆ ಮುಂದಿನ ಊರಿನವರೆಗೂ ಹೋಗಬೇಡಿ, ಅಲ್ಲೇ ಸ್ಟೆಪ್ನಿ ಹಾಕಿ. ಯಾವಾಗ ಚಕ್ರ ಬಿಚ್ಚಿ ಹಾಕಿದರೂ ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಬೇಕು, ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು. ಮಕ್ತಲ್‌ನಲ್ಲಿ ಚಕ್ರ ಹಾಕಿಸಿಕೊಂಡು ಹೊರಟವರು ಮಹಬೂಬ್‌ನಗರದಲ್ಲಿ ಚಹಾಕ್ಕೆ ನಿಂತಾಗ ಈ ಕೆಲಸ ಮುಗಿಸಿಕೊಳ್ಳಬಹುದು.